ಸೋಲುತ್ತಿರುವುದು ಗೊತ್ತಿದ್ದೂ ಏಕೆ ನಿಲ್ಲಿಸಲಿಲ್ಲ?

ಆನ್‌ಲೈನ್ ರಮ್ಮಿಯಲ್ಲಿ ನಾನು ಹಣ ಕಳೆದುಕೊಂಡ ವಿಷಯ ಸೋಮವಾರಪೇಟೆಯ ಸುತ್ತಮುತ್ತ ನನ್ನನ್ನು ಬಲ್ಲವರಿಗೆಲ್ಲ ತಿಳಿದಿದೆ. ಮದುವೆ ಮನೆಯಲ್ಲೋ, ಕಾಫಿ ಮಾರಲು ಹೋದಲ್ಲೋ ಯಾರಾದರೊಬ್ಬರು ಪಕ್ಕಕ್ಕೆ ಕರೆದು ಕೇಳುತ್ತಾರೆ: “ಹಣ ಹೋಗುತ್ತಿರುವುದು ಕಣ್ಣಿಗೆ ಕಾಣುತ್ತಿತ್ತಲ್ಲ, ಆಗಲೇ ಏಕೆ ನಿಲ್ಲಿಸಲಿಲ್ಲ?” ಕೇಳುವವರಲ್ಲಿ ಹಲವರು ತಮ್ಮ ಮಗನ ಸಲುವಾಗಿಯೋ ತಮ್ಮನ ಸಲುವಾಗಿಯೋ ಕೇಳುತ್ತಿದ್ದಾರೆಂಬುದು ಅವರ ಮುಖದಲ್ಲೇ ತಿಳಿಯುತ್ತದೆ. ಆದ್ದರಿಂದ ಹಾರಿಕೆಯ ಮಾತಾಡದೆ ಸಾವಧಾನವಾಗಿ ಉತ್ತರಿಸುತ್ತೇನೆ.

ಗೆಲ್ಲುವ ಆಸೆಯಿಂದ ಆಡಿದ್ದು ಮೊದಲ ಕೆಲವು ತಿಂಗಳು ಮಾತ್ರ. 2021ರ ಜನವರಿಯಲ್ಲಿ, ಕಣದಲ್ಲಿ ಹರಡಿದ ಕಾಫಿಗೆ ರಾತ್ರಿ ಕಾವಲು ಕೂರುತ್ತಿದ್ದಾಗ, ನಿದ್ದೆ ಹತ್ತದಿರಲೆಂದು ಶುರುಮಾಡಿದ ಆಟ ಅದು. ಮೊದಲ ವಾರವೇ 3,200 ರೂಪಾಯಿ ಬಂದಿತು. ಆಮೇಲೆ ಸೋಲು ಆರಂಭವಾಯಿತು. ಅಲ್ಲಿಂದ ಮುಂದೆ ನನ್ನನ್ನು ಕೂರಿಸಿದ್ದು ಹೋದ ಹಣದ ಲೆಕ್ಕ. ಆಡುತ್ತಿರುವಷ್ಟು ಕಾಲ ಆ ಹಣ ಹೋಗಿದೆಯೆಂದು ಮನಸ್ಸು ಒಪ್ಪುವುದಿಲ್ಲ. ಯಾರೋ ಕೊಡಬೇಕಾದ ಬಾಕಿಯಂತೆ, ಇವತ್ತಲ್ಲ ನಾಳೆ ವಸೂಲಾಗುತ್ತದೆ ಎಂದೇ ತೋರುತ್ತಿರುತ್ತದೆ. ನಿಲ್ಲಿಸಿದ ಗಳಿಗೆಯಲ್ಲಿ ಅಷ್ಟೂ ಹಣ ನಿಜವಾಗಿಯೂ ಹೋಗಿಬಿಡುತ್ತದೆ, ಅದನ್ನು ಮನೆಯವರಿಗೆ ಹೇಳಬೇಕಾಗುತ್ತದೆ. ಆ ಗಳಿಗೆಯನ್ನು ಮುಂದೂಡುವುದಕ್ಕಾಗಿ ನಾನು ಎರಡೂವರೆ ವರ್ಷ ಆಡಿದೆ.

ಆಟದ ಕಟ್ಟಣೆಯೂ ಇದಕ್ಕೆ ಒದಗಿಬರುತ್ತದೆ. ಯಾವಾಗ ಸಿಗುತ್ತದೆಂದು ಊಹಿಸಲಾಗದ ಬಹುಮಾನಕ್ಕಾಗಿ ಪ್ರಾಣಿಗಳು ಬಿಡದೆ ಪ್ರಯತ್ನಿಸುತ್ತಲೇ ಇರುತ್ತವೆ ಎಂಬುದನ್ನು ಬಿ.ಎಫ್. ಸ್ಕಿನ್ನರ್ ಎಂಬ ಮನೋವಿಜ್ಞಾನಿ ಪಾರಿವಾಳಗಳ ಮೇಲಿನ ಪ್ರಯೋಗಗಳಲ್ಲಿ ಬಹಳ ಹಿಂದೆಯೇ ತೋರಿಸಿದ್ದರು. ರಮ್ಮಿಯ ಗೆಲುವೂ ಅಂಥದ್ದೇ. ಅದರ ಮೇಲೆ, ಒಂದೇ ಒಂದು ಇಸ್ಪೀಟೆಲೆ ಬಾರದೆ ಸೋತ ಆಟ ನನಗೆ ಸೋಲಿನಂತೆ ಕಾಣುತ್ತಲೇ ಇರಲಿಲ್ಲ.

ಹಣಕ್ಕಿಂತ ಹೆಚ್ಚು ಹೋದದ್ದು ಏನೆಂದು ಹೇಳಬೇಕಾದರೆ ಮೆಣಸಿನ ಚೀಲಗಳ ವಿಷಯ ಹೇಳಬೇಕು. ಒಣಗಿಸಿದ ಕರಿಮೆಣಸನ್ನು ಒಳ್ಳೆಯ ಬೆಲೆ ಬರುವವರೆಗೆ ಚೀಲ ಕಟ್ಟಿ ವರ್ಷಗಟ್ಟಲೆ ಇಡುವುದು ಕೊಡಗಿನಲ್ಲಿ ವಾಡಿಕೆ. ಅಪ್ಪ ತೀರಿಕೊಳ್ಳುವ ಮೊದಲು ತಂಗಿಯ ಪಾಲೆಂದು ಆರು ಚೀಲ ಅಟ್ಟದಲ್ಲಿ ಇರಿಸಿದ್ದರು. ಅವುಗಳಲ್ಲಿ ನಾಲ್ಕನ್ನು ಒಂದೊಂದಾಗಿ ಮಾರಿ, ಆ ಜಾಗದಲ್ಲಿ ಕಾಫಿ ಹೊಟ್ಟು ತುಂಬಿದ ಚೀಲಗಳನ್ನು ನಿಲ್ಲಿಸಿದೆ. 2023ರ ಜುಲೈಯಲ್ಲಿ, ಜಡಿಮಳೆಗೆ ಮೆಣಸು ಬೂಷ್ಟು ಹಿಡಿದಿದೆಯೇನೋ ಎಂದು ಅಮ್ಮ ಒಂದು ಚೀಲದ ಬಾಯಿ ಬಿಚ್ಚಿದರು. ಅಂಗೈಯಲ್ಲಿದ್ದ ಹೊಟ್ಟನ್ನು ಬೆರಳಿನಿಂದ ಸರಿಸಿ ಸರಿಸಿ ನೋಡಿದರು. ಹಣ ಏನು ಮಾಡಿದೆ ಎಂದು ಕೇಳಲಿಲ್ಲ. “ಎಷ್ಟು ದಿನದಿಂದ ಹೀಗೆ, ಮಗ?” ಎಂದರು. ಅಷ್ಟು ಹೊತ್ತಿಗೆ ನಾನು ಫೋನ್ ರಿಂಗಾದರೆ ಬೆಚ್ಚುವವನಾಗಿದ್ದೆ, ಹೆಂಡತಿಯ ಮೇಲೆ ಕಾರಣವಿಲ್ಲದೆ ಸಿಡುಕುತ್ತಿದ್ದೆ, ಒಂದೆರಡು ರಾತ್ರಿ ಬದುಕನ್ನೇ ಮುಗಿಸಿಕೊಳ್ಳುವ ಯೋಚನೆಯನ್ನೂ ಮಾಡಿದ್ದೆ.

ಅಂದು ರಾತ್ರಿ ಕ್ಯಾಲೆಂಡರಿನ ಹಿಂಬದಿಯಲ್ಲಿ ಎಲ್ಲ ಬರೆದು ಕೂಡಿದೆವು: 4,70,000 ರೂಪಾಯಿ. ಆ ಮೊತ್ತವನ್ನು ಹೆಂಡತಿಯ ಎದುರು ಬಾಯಿಬಿಟ್ಟು ಹೇಳಿದ್ದೇ ನಾನು ನಿಲ್ಲಿಸಿದ ಗಳಿಗೆಯೆಂದು ಈಗ ಅನ್ನಿಸುತ್ತದೆ. ಬ್ಯಾಂಕ್ ಖಾತೆಯ ವ್ಯವಹಾರ ಅವಳ ಕೈಗೆ ಹೋಯಿತು; ನಾನು ಒಂದು ವರ್ಷ ಕೀಪ್ಯಾಡ್ ಫೋನ್ ಬಳಸಿದೆ. ಟೆಲಿ ಮನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಕರೆ ಮಾಡಿದೆ. ಹಗಲು ರಾತ್ರಿಯೆನ್ನದೆ ಉಚಿತವಾಗಿ ದೊರೆಯುವ, ಕನ್ನಡದಲ್ಲೇ ಮಾತಾಡಬಹುದಾದ ಸೇವೆ ಅದು. ಬಳಿಕ ಮಡಿಕೇರಿಯಲ್ಲಿ ಮನೋವೈದ್ಯರನ್ನು ಕಂಡೆ. ಜೂಜಿನ ಚಟವನ್ನು ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲೇ ಸೇರಿಸಲಾಗಿದೆ ಎಂದು ಅವರು ಹೇಳಿದಾಗ, ನಾಚಿಕೆಯಿಂದ ಬಗ್ಗಿದ್ದ ತಲೆ ಸ್ವಲ್ಪ ಮೇಲೆದ್ದಿತು. ಆಡಬೇಕೆಂಬ ತುಡಿತ ಏರುತ್ತದೆ, ತಡೆದರೆ ತಾನಾಗಿ ಇಳಿಯುತ್ತದೆ, ಆ ಹೊತ್ತನ್ನು ದಾಟಿಸಿದರೆ ಸಾಕು ಎಂದು ಕಲಿಸಿದವರೂ ಅವರೇ. ತುಡಿತ ಬಂದಾಗ ಕತ್ತಿ ಹಿಡಿದು ತೋಟಕ್ಕೆ ಹೋಗಿ ಕಾಫಿ ಗಿಡದ ಚಿಗುರು ತೆಗೆಯುತ್ತಿದ್ದೆ. ಒಮ್ಮೆ ಮಾತ್ರ, ಆ ನವೆಂಬರಿನಲ್ಲಿ, ಗೆಳೆಯನ ಫೋನಿನಲ್ಲಿ ಆಡಿ 1,500 ಕಳೆದೆ. ಅದನ್ನು ಅದೇ ಸಂಜೆ ಮನೆಯಲ್ಲಿ ಹೇಳಿದೆ.

ಆಡುವವನ ಮನೆಯವರು ಕೇಳುವ ಇನ್ನೊಂದು ಮಾತಿದೆ: ಸಾಲ ತೀರಿಸಿಕೊಟ್ಟರೆ ನಿಲ್ಲಿಸುತ್ತಾನೆಯೇ? 2022ರಲ್ಲಿ ಭಾವ ನನ್ನ ಮಾತು ನಂಬಿ 80,000 ಕೊಟ್ಟಿದ್ದರು. ನನ್ನ ಕಣ್ಣಿಗೆ ಅದು ಹೊಸ ಬಂಡವಾಳವಾಗಿ ಕಂಡಿತು, ಮೂರು ವಾರದಲ್ಲಿ ಮುಗಿಯಿತು. ಆಡುವವನ ಕೈಗೆ ನಗದು ಕೊಡಬೇಡಿ. ಪೂರ್ತಿ ಮೊತ್ತ ಅವನ ಬಾಯಿಂದಲೇ ಬರುವವರೆಗೆ ಪಕ್ಕದಲ್ಲಿ ಕೂತಿರಿ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದೆ, ನನಗೆ ಅದರಿಂದ ಸಮಾಧಾನವಾಗಿದೆ; ಆದರೂ ಕದ್ದುಮುಚ್ಚಿ ನಡೆಯುವ ಸೈಟುಗಳ ಲಿಂಕ್ ಹಿಡಿದು ಬರುವ ಹುಡುಗರನ್ನು ನಾನು ಈಗಲೂ ಕಾಣುತ್ತೇನೆ.

ಭಾವನ ಹಣ ಇನ್ನೂ ಅರ್ಧ ಬಾಕಿಯಿದೆ. ತಂಗಿಯ ನಾಲ್ಕು ಚೀಲಗಳಲ್ಲಿ ಎರಡು ಮರಳಿ ಅಟ್ಟ ಸೇರಿವೆ. ಅವುಗಳ ಬಾಯಿ ಹೊಲಿಯುವ ಮೊದಲು ಅಮ್ಮ ನನ್ನನ್ನು ಕರೆದು, ಕೈ ಹಾಕಿ ನೋಡು ಎಂದರು.