ಗೋಡೆ ಮೇಲಿನ ಗಡಿಯಾರ

ನಾನು ಮೊದಲು ಕೆಲಸಕ್ಕೆ ಸೇರಿದ ಆಫೀಸಿನ ಗೋಡೆ ಮೇಲೆ ದುಂಡನೆಯ ಗಡಿಯಾರವೊಂದಿತ್ತು. ಬಿಳಿ ಮುಖ, ಕಪ್ಪು ಅಂಚು. ಕಣ್ಣು ಮುಚ್ಚಿದರೆ ಈಗಲೂ ಕಾಣುತ್ತದೆ. ಮೊನ್ನೆ ಹಳೇ ಫೋಟೋ ಸಿಕ್ಕಿತು. ಅದೇ ಗೋಡೆ, ಅದೇ ಮೇಜು. ಗಡಿಯಾರದ ಜಾಗದಲ್ಲಿ ಬರೀ ಒಂದು ಮೊಳೆ.

"ರಿಪೇರಿಗೆ ಕೊಟ್ಟಿರಬೇಕು" ಅಂದೆ.

"ಅದರಲ್ಲಿ ಅಂಕಿ ಇತ್ತಾ, ಬರೀ ಗೆರೆ ಇತ್ತಾ?" ಅಂತ ಅಕ್ಕ ಕೇಳಿದಳು. ಬಾಯಿಂದ ಉತ್ತರವೇ ಬರಲಿಲ್ಲ. ಪಕ್ಕದ ಮೇಜಿನ ಗೆಳೆಯನಿಗೆ ಫೋನ್ ಮಾಡಿದೆ. "ಗಡಿಯಾರ ಎಲ್ಲಿತ್ತೋ? ದಿನಾ ನನ್ನನ್ನೇ ಟೈಮ್ ಕೇಳ್ತಿದ್ದೆ ಅಲ್ವಾ?" ಅಂದ. (ಅವನ ನೆನಪನ್ನು ಮಾತ್ರ ನಂಬಬೇಕು ಅಂತೇನೂ ಇಲ್ಲ ಬಿಡಿ.)

1981ರಲ್ಲಿ ಬ್ರೂವರ್ ಮತ್ತು ಟ್ರೆಯೆನ್ಸ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಇದನ್ನೇ ಪರೀಕ್ಷೆ ಮಾಡಿದ್ದರು. ಬಂದವರನ್ನು ವಿದ್ಯಾರ್ಥಿಯೊಬ್ಬನ ಆಫೀಸಿನಲ್ಲಿ 35 ಸೆಕೆಂಡು ಕಾಯಿಸಿ, ಆಮೇಲೆ ಬೇರೆ ಕೋಣೆಗೆ ಕರೆದು, ಅಲ್ಲಿ ಏನೇನಿತ್ತು ಬರೆಯಿರಿ ಅಂದರು. ಕೆಲವರು ಪುಸ್ತಕಗಳಿದ್ದವು ಅಂತ ಬರೆದರು. ಅಲ್ಲಿ ಒಂದೂ ಪುಸ್ತಕ ಇರಲಿಲ್ಲ! ಓದುವವನ ಕೋಣೆ ಅಂದಮೇಲೆ ಪುಸ್ತಕ ಇರಲೇಬೇಕಲ್ಲ. ನನ್ನ ಗಡಿಯಾರದ ಕಥೆಯೂ ಅದೇ. ಆಫೀಸು ಅಂದರೆ ಹೀಗಿರುತ್ತೆ ಅನ್ನೋ ಅಚ್ಚೊಂದು ತಲೆಯಲ್ಲಿ ಮೊದಲೇ ಇದೆ. ಮರೆತ ಕಡೆಯೆಲ್ಲ ಅದು ತೇಪೆ ಹಾಕುತ್ತದೆ. ಈ ಅಚ್ಚಿಗೆ ಸ್ಕೀಮಾ ಅಂತ ಹೆಸರು.

ಈ ಅಚ್ಚನ್ನು ಸುಮ್ನೆ ಬೈಯೋ ಹಾಗೂ ಇಲ್ಲ, ನೆನಪಿಗೆ ಆಸರೆಯಾಗೋದೂ ಅದೇ. ಪಳಗಿದ ಚೆಸ್ ಆಟಗಾರರು ನಡೆಯುತ್ತಿರುವ ಆಟದ ಮಣೆಯನ್ನು ಐದೇ ಸೆಕೆಂಡು ನೋಡಿ, ಹೆಚ್ಚಿನ ಕಾಯಿಗಳನ್ನು ನೆನಪಿನಿಂದಲೇ ಸರಿಯಾಗಿ ಜೋಡಿಸುತ್ತಾರೆ. ಕಾಯಿಗಳನ್ನು ಮನಸ್ಸಿಗೆ ಬಂದಂತೆ ಇಟ್ಟುಬಿಟ್ಟರೆ ಅವರೂ ಹೆಚ್ಚುಕಡಿಮೆ ನಮ್ಮ ಹಾಗೇ. 1973ರಲ್ಲಿ ಚೇಸ್ ಮತ್ತು ಸೈಮನ್ ಎಂಬ ಸಂಶೋಧಕರು ತೋರಿಸಿದ್ದು ಇದು.

ಅಕ್ಕನ ಮೇಲೆ ಸೇಡು ಬಾಕಿ ಇತ್ತಲ್ಲ. 1995ರಲ್ಲಿ ರೋಡಿಗರ್ ಮತ್ತು ಮೆಕ್‌ಡರ್ಮಟ್ ಎಂಬ ಮನಶ್ಶಾಸ್ತ್ರಜ್ಞರು ಮಾಡಿದ ಪ್ರಯೋಗದ ದಾರಿಯಲ್ಲೇ ಒಂದು ಚೀಟಿ ಬರೆದು ಜೋರಾಗಿ ಓದಿದೆ: ಹಾಸಿಗೆ, ದಿಂಬು, ಕನಸು, ಆಕಳಿಕೆ, ಗೊರಕೆ, ಕಂಬಳಿ, ರಾತ್ರಿ, ಜೋಗುಳ, ತೂಕಡಿಕೆ, ಮಂಚ. ಸ್ವಲ್ಪ ಹೊತ್ತು ಬಿಟ್ಟು ನೆನಪಿರೋದನ್ನು ಹೇಳು ಅಂದೆ. ಮೂರನೆಯದಾಗಿಯೇ "ನಿದ್ದೆ" ಅಂದಳು.

"ಅದನ್ನು ಓದಲೇ ಇಲ್ಲ."

"ಓದಿದೆ ಕಣೋ, ನನ್ನ ಕಿವಿಯಾರೆ ಕೇಳಿದೀನಿ."

ಚೀಟಿ ಕೈಗೆ ಕೊಟ್ಟೆ. ಬೆರಳಿಟ್ಟುಕೊಂಡು ಎರಡು ಸಲ ಓದಿದಳು. ಆಮೇಲೆ ತಿರುಗಿಸಿ ಹಿಂಭಾಗವನ್ನೂ ನೋಡಿದಳು.