ಮೂವತ್ತು ವರ್ಷ ಆದ ಮೇಲೂ ರಿಪೇರಿ ಆಗುವ ಕ್ಯಾಮೆರಾ

ಕಳೆದ ವಾರ ನನ್ನ ಹಳೇ ಫಿಲ್ಮ್ ಕ್ಯಾಮೆರಾದ ಹಿಂಬಾಗಿಲು ತೆಗೆದೆ, ಬೆರಳಿಗೆಲ್ಲ ಕಪ್ಪು ಅಂಟು. ಬೆಳಕು ಸೋರದಿರಲಿ ಅಂತ ಬಾಗಿಲ ಸಂದಿಗೆ ಅಂಟಿಸಿರುವ ಫೋಮ್ ಇದೆಯಲ್ಲ, ಅದಕ್ಕೆ ವಯಸ್ಸಾದರೆ ಕರಗಿ ಡಾಂಬರಿನ ಹಾಗಾಗುತ್ತದೆ. ಕಡ್ಡಿಯಲ್ಲಿ ಅದನ್ನು ಕೆರೆಯುತ್ತಾ ಕೂತಿದ್ದಾಗ ಒಂದು ಯೋಚನೆ ಬಂತು: ಯಾರಾದರೂ ಖರ್ಚಿಗೆ ಹೆದರದೆ, ನಮ್ಮಂಥ ಹಳೇ ಹುಚ್ಚರಿಗೆ ಅಂತಲೇ ಒಂದು ಹೊಸ ಫಿಲ್ಮ್ ಕ್ಯಾಮೆರಾ ಮಾಡಿದರೆ ಅದು ಹೇಗಿರಬೇಕು?

ಶಟರ್, ಅಂದರೆ ಫಿಲ್ಮಿಗೆ ಬೆಳಕು ಬೀಳಲು ಕ್ಷಣಕಾಲ ತೆರೆದು ಮುಚ್ಚುವ ಪರದೆ, ಅದರ ಬಗ್ಗೆ ನನಗೆ ಅನುಮಾನವೇ ಇಲ್ಲ. 2001ರಲ್ಲಿ ಬಂದ ನಿಕಾನ್ ಎಫ್‌ಎಂ3ಎ ಈ ಪ್ರಶ್ನೆಗೆ ಆಗಲೇ ಉತ್ತರ ಕೊಟ್ಟಿತ್ತು. ಡಯಲನ್ನು ಆಟೋಗೆ ಇಟ್ಟರೆ ಶಟರ್ ಎಲೆಕ್ಟ್ರಾನಿಕ್ ಆಗಿ ನಡೆಯುತ್ತದೆ. ಕೈಯಾರೆ ವೇಗ ಆರಿಸಿದರೆ ಬರೀ ಸ್ಪ್ರಿಂಗು, ಹಲ್ಲುಚಕ್ರ. ಬ್ಯಾಟರಿ ಸತ್ತರೂ ಒಂದು ಸೆಕೆಂಡಿನಿಂದ 1/4000ರವರೆಗೆ ಎಲ್ಲ ವೇಗಗಳೂ ಸಿಗುತ್ತವೆ, ಬೆಳಕು ಅಳೆಯುವ ಮೀಟರ್ ಮಾತ್ರ ಇರುವುದಿಲ್ಲ. ಕಣ್ಣಿಟ್ಟು ನೋಡುವ ಕಿಂಡಿ, ಅಂದರೆ ವ್ಯೂಫೈಂಡರಿನ ಎಡಗಡೆ ಮೀಟರಿನ ಒಂದು ಸಣ್ಣ ಮುಳ್ಳು, ಬೆಳಕು ಬದಲಾದ ಹಾಗೆ ಮೇಲೆ ಕೆಳಗೆ ತೂಗುತ್ತಿರುತ್ತದೆ. ಎಷ್ಟು ಹೆಚ್ಚು, ಎಷ್ಟು ಕಡಿಮೆ ಅಂತ ಒಂದೇ ನೋಟಕ್ಕೆ ಗೊತ್ತಾಗುತ್ತದೆ, ಬೇರೆ ಕ್ಯಾಮೆರಾಗಳ ಮಿನುಗುವ ಕೆಂಪು ದೀಪಗಳಲ್ಲಿ ನನಗೆ ಆ ಸುಖ ಸಿಕ್ಕಿಲ್ಲ. 2006ರಲ್ಲಿ ಅದನ್ನು ಮಾಡುವುದನ್ನೇ ನಿಲ್ಲಿಸಿಬಿಟ್ಟರು.

ವ್ಯೂಫೈಂಡರ್ ಒಲಿಂಪಸ್ ಓಎಂ-1ರದ್ದು ಇರಲಿ. ಅಷ್ಟು ಪುಟ್ಟ ಕ್ಯಾಮೆರಾ, ಕಣ್ಣಿಟ್ಟರೆ ಒಳಗೆ ಸಿನಿಮಾ ಪರದೆ! ಅದೇ ಕ್ಯಾಮೆರಾದ ಮೀಟರಿಗೆ ಮಾತ್ರ 1.35 ವೋಲ್ಟಿನ ಪಾದರಸದ ಬ್ಯಾಟರಿ ಬೇಕಿತ್ತು. ಪರಿಸರದ ಕಾರಣಕ್ಕೆ ಅವು ಅಂಗಡಿಯಿಂದ ಮಾಯವಾದವು, ಈಗ 1.5 ವೋಲ್ಟಿನದು ಹಾಕಿದರೆ ಮೀಟರ್ ಸುಮ್ನೆ ಸುಳ್ಳು ಹೇಳುತ್ತದೆ. ಹಾಗಾಗಿ ನನ್ನ ಕ್ಯಾಮೆರಾದ ಮೀಟರ್ ವೋಲ್ಟೇಜ್ ಸ್ವಲ್ಪ ಹೆಚ್ಚುಕಡಿಮೆ ಆದರೂ ಸರಿಯಾದ ಲೆಕ್ಕವನ್ನೇ ಕೊಡಬೇಕು.

ಆಟೋಫೋಕಸ್ ಬೇಡ. ಹಿಂದೆ ಪರದೆ ಅಂತೂ ಬೇಡವೇ ಬೇಡ.

ಒಂದೇ ಒಂದು ಆಸೆಗೆ ಗೆಳೆಯರು ನನ್ನನ್ನು ಬೈಯುತ್ತಾರೆ. ನಿಕಾನ್ ಎಫ್6 ಪ್ರತಿ ಫ್ರೇಮಿನ ಶಟರ್ ವೇಗ, ಅಪರ್ಚರ್ (ಲೆನ್ಸಿನ ಕಿಂಡಿ ಎಷ್ಟು ತೆರೆದಿತ್ತು ಅನ್ನುವುದು) ಎಲ್ಲ ನೆನಪಿಟ್ಟುಕೊಳ್ಳುತ್ತಿತ್ತು, ನನಗೂ ಅದು ಬೇಕು. ನೋಟ್‌ಬುಕ್‌ನಲ್ಲಿ ಬರೆಯುತ್ತೇನೆ ಅಂತ ಪ್ರತಿ ರೋಲಿಗೂ ಶಪಥ ಮಾಡಿ ಏಳನೇ ಫ್ರೇಮಿಗೆ ಮರೆಯುವವನು ನಾನು. ಆದರೆ ಇದನ್ನು ನೆನಪಿಡುವ ಎಲೆಕ್ಟ್ರಾನಿಕ್ ಚಿಪ್ ಶಟರಿನ ಗೊಡವೆಗೆ ಹೋಗಬಾರದು. ಅದು ಕೆಟ್ಟರೆ ನೆನಪು ಹೋಗಲಿ, ಫೋಟೋ ನಿಲ್ಲಬಾರದು.

ಇಷ್ಟೆಲ್ಲ ಇದ್ದರೂ ಬಿಡಿಭಾಗ ಸಿಗದಿದ್ದರೆ ಏನು ಪ್ರಯೋಜನ, ಅಲ್ವಾ? ಮೆಕ್ಯಾನಿಕಲ್ ಕ್ಯಾಮೆರಾದಲ್ಲಿ ಎಣ್ಣೆ ಒಣಗಿ ಶಟರಿನ ನಿಧಾನದ ವೇಗಗಳು ಎಳೆದಾಡಿದರೆ, ಕೈ ಪಳಗಿದವರು ಬಿಚ್ಚಿ ಸರಿಮಾಡುತ್ತಾರೆ. ಸರ್ಕ್ಯೂಟ್ ಸುಟ್ಟರೆ ಅದೇ ಮಾದರಿಯ ಇನ್ನೊಂದು ಸತ್ತ ಕ್ಯಾಮೆರಾ ಹುಡುಕಬೇಕು. ನಾನು ಜಾಸ್ತಿ ದುಡ್ಡು ಕೊಡುವುದಾದರೆ ಕೊಡುವುದು ಇದಕ್ಕೇ: ಡಬ್ಬಿಯಲ್ಲಿ ಚರ್ಮದ ಕೇಸಿನ ಬದಲು ಸರ್ವಿಸ್ ಮ್ಯಾನ್ಯುಯಲ್ ಇರಲಿ, ಯಾವ ಭಾಗವನ್ನೂ ಗೋಂದು ಹಾಕಿ ಕೂರಿಸದೆ ಸ್ಕ್ರೂ ಹಾಕಿರಲಿ.

ಇನ್ನು ಆ ಬಾಗಿಲಿನ ಸಂದಿಗೆ ದಯವಿಟ್ಟು ಫೋಮ್ ಬೇಡ. ಕೆಲವು ಹಳೇ ಕ್ಯಾಮೆರಾಗಳಲ್ಲಿ ಅಲ್ಲಿ ಕಪ್ಪು ದಾರ ಇರುತ್ತಿತ್ತು. ಅದು ಕರಗುವುದಿಲ್ಲ.