ವಕೀಲ್ರ, ನಿಮಗ ಇದೆಲ್ಲಾ ಯಾಕ ಬೇಕು?

ಕೊಪ್ಪಳ ಕೋರ್ಟಿನ್ಯಾಗ ಸಿವಿಲ್ ಪ್ರಾಕ್ಟೀಸ್ ಮಾಡ್ತೀನಿ. ಕಕ್ಷಿದಾರ್ರು, ಜೂನಿಯರ್‌ಗಳು, ಮದುವಿ ಮನ್ಯಾಗ ಸಿಕ್ಕ ಬೀಗರು, ಎಲ್ಲಾರೂ ಕೇಳೋದು ಒಂದ ಪ್ರಶ್ನೆ: "ವಕೀಲ್ರ, ಕೈತುಂಬ ಕೇಸ್ ಅದಾವ, ಮತ್ತ ಈ ಉರ್ದು, ಶಾಸನ, ನಾಟಕ ಅಂತ ಯಾಕ ಅಡ್ಡಾಡ್ತೀರಿ?" ನಿಂತಲ್ಲೇ ಎರಡು ಮಾತು ಹೇಳಿ ಕಳಸ್ತಿದ್ದೆ, ಇವತ್ತು ಕುಂತು ಪೂರ್ತಿ ಬರಿಯೂಣು ಅನಿಸ್ತು.

ಮೊದಲು ಉರ್ದು. ನಮ್ಮ ಕೊಪ್ಪಳ 1948ರ ಸೆಪ್ಟೆಂಬರ್ ತನಕ ಹೈದರಾಬಾದ್ ನಿಜಾಮರ ರಾಜ್ಯದಾಗ ಇತ್ತು, ಅದರಾಗೂ ಸಾಲಾರ್ ಜಂಗ್ ಮನೆತನದ ಜಹಗೀರು. ಹಿಂಗಾಗಿ ಹೊಲದ ತಕರಾರು ಹಿಡಕೊಂಡು ಯಾರರ ಬಂದ್ರಂದ್ರ ಟ್ರಂಕಿನ ತಳದಿಂದ ತಗದು ತರೋ ಹಳೇ ಕಾಗದ ಎಷ್ಟೋ ಸಲ ಉರ್ದುದಾಗ ಇರ್ತಾವ, ಅದೂ ಅಚ್ಚಿನ ಅಕ್ಷರ ಅಲ್ಲ, ಕಚೇರಿ ಗುಮಾಸ್ತರು ಅವಸರದಾಗ ಬರದ ಶಿಕಸ್ತಾ, ಚುಕ್ಕಿ ಎಲ್ಲಿ ಬಿಟ್ಟಾರ ಯಾವ ಅಕ್ಷರಕ್ಕ ಯಾವುದು ಕೂಡಿಸ್ಯಾರ ಒಂದೂ ತಿಳಿಯಂಗಿಲ್ಲ. ಮೂವತ್ತು ವರ್ಷದ ಮ್ಯಾಲಿನ ಕಾಗದ ಸರಿಯಾದ ಕೈಯಿಂದ ಬಂದಿದ್ರ ಅದು ಖರೇ ಅಂತ ಕೋರ್ಟ್ ಹಿಡಿಬಹುದು ಅನ್ನೋದು ಹಳೇ ಸಾಕ್ಷ್ಯ ಕಾಯ್ದೆದ 90ನೇ ಕಲಮಿನ್ಯಾಗ ಇತ್ತು, 2024ರ ಜುಲೈದಿಂದ ಜಾರಿಗೆ ಬಂದ ಹೊಸ ಅಧಿನಿಯಮದಾಗೂ ಐತಿ. ಕಾಗದ ಖರೇ ಅಂತ ಆತು, ಆದ್ರ ಅದರಾಗ ಏನ್ ಬರದೈತಿ? ಒಂದು ಕುಟುಂಬದ ಹೊಲ ಉಳಿಯೋದು ಹೋಗೋದು ಒಂದ ಸಾಲಿನ ಮ್ಯಾಲೆ ನಿಂತಾಗ, ಆ ಸಾಲು ವಕೀಲನಿಗೇ ಓದಾಕ ಬರಂಗಿಲ್ಲ ಅಂದ್ರ ಅವ ಪಾಟಿ ಸವಾಲು ಹೆಂಗ ಮಾಡಬೇಕು. ಅದಕ್ಕ ಒಬ್ಬರು ರಿಟೈರ್ಡ್ ಉರ್ದು ಮೇಷ್ಟ್ರ ಮನಿಗೆ ಹೋಗಿ ಅಲಿಫ್ ಬೇ ಇಂದ ಶುರು ಮಾಡಿದೆ.

ಅಕ್ಷರ ಬಂದ ಮ್ಯಾಲೆ ತಾರೀಖಿನ ಲೆಕ್ಕ ಬಂತು. ನಿಜಾಮರ ಕಾಗದದಾಗ ಇಸ್ವಿ ಇರಂಗಿಲ್ಲ, ಫಸಲಿ ಇರತೈತಿ, ಅಂದ್ರ ಕಂದಾಯದ ಲೆಕ್ಕಕ್ಕ ಇಟ್ಟ ವರ್ಷ, ತಿಂಗಳು ಆಝುರ್, ದೈ, ಬಹ್ಮನ್, ಇಸ್ಫಂದಾರ್ ಅಂತ. ವರ್ಷ ಶುರು ಆಗೋದು ಅಕ್ಟೋಬರ್ ಮೊದಲ ವಾರದಾಗ. ಇಸ್ವಿ ತಿಳೀಬೇಕಂದ್ರ, ಅಕ್ಟೋಬರಿಂದ ಡಿಸೆಂಬರ್ ತನಕ ಇದ್ರ ಫಸಲಿಗೆ 590 ಕೂಡಿಸಬೇಕು, ಜನವರಿ ದಾಟಿದ್ರ 591. ತುಂಗಭದ್ರಾ ದಾಟಿ ಹೊಸಪೇಟೆ ಕಡೆ ಹೋದ್ರ ಅದು ಆಗ ಬಳ್ಳಾರಿ ಜಿಲ್ಲೆ, ಮದ್ರಾಸ್ ಸರ್ಕಾರದ ಸೀಮಿ, ಅಲ್ಲಿ ಫಸಲಿ ಜುಲೈ 1ಕ್ಕ ಶುರು. ಹಂಗಾಗಿ 1947ರ ಆಗಸ್ಟ್ ತಿಂಗಳು ಹೊಳಿಯ ಈ ದಂಡಿಗೆ ಫಸಲಿ 1356, ಆ ದಂಡಿಗೆ 1357! ಎರಡೂ ಕಡೆ ಹೊಲ ಇದ್ದ ಮನೆತನದ ದಾವಾದಾಗ ಇದು ಗೊತ್ತಿರಲಿಲ್ಲ ಅಂದ್ರ ದಾವಾ ಹಾಕೋ ವಾಯಿದೆ ಲೆಕ್ಕ ಪೂರಾ ತಪ್ಪತೈತಿ. ಜಹಗೀರು ರದ್ದು ಮಾಡಿದ 1949ರ ರೆಗ್ಯುಲೇಶನ್ನಿಗೂ ವರ್ಷ ಅಂತ ಇರೋದು 1358 ಫಸಲಿನ. ಇಷ್ಟು ಕಲತ ಮ್ಯಾಲೆ ಉರ್ದು ಬರೇ ಫೈಸಲಾ ಓದಾಕ ಇಟ್ಟಕೊಳ್ಳಾಕ ಆಗತೈತೇನು, ಗಝಲ್ ಓದಾಕ ಹತ್ತಿದೆ, ಈಗ ಅದು ನನ್ನ ರಾತ್ರಿ ಊಟ ಆದ ಮ್ಯಾಲಿನ ಸುಖ.

ಶಾಸನದ ಹುಚ್ಚು ಬಂದಿದ್ದು ವಾಟ್ನಿ ಕೇಸಿನಿಂದ. ನಮ್ಮ ಕಡೆ ಸಿವಿಲ್ ವಕೀಲನ ಟೇಬಲ್ ಮ್ಯಾಲೆ ಪಾಲಿನ ದಾವಾ ಇಲ್ಲದ ದಿನ ಇಲ್ಲ, ಎಲ್ಲಾದರಾಗೂ ಮಿತಾಕ್ಷರ ಅನ್ನೋ ಶಬ್ದ ಬಂದ ಬರತೈತಿ, ಅಂದ್ರ ಆಸ್ತಿ ಪಾಲಿನ ನಿಯಮ ಹೇಳೋ ಹಳೇ ಧರ್ಮಶಾಸ್ತ್ರದ ಗ್ರಂಥ. ಕಾಲೇಜಿನ್ಯಾಗ ಅದನ್ನ ಒಂದು ಚಾಪ್ಟರ್ ಅಂತ ಓದಿ ಮುಗಿಸಿದ್ವಿ. ಆಮ್ಯಾಲೆ ತಿಳೀತು, ಅದನ್ನ ಬರದ ವಿಜ್ಞಾನೇಶ್ವರ ಕಲ್ಯಾಣದ ಆರನೇ ವಿಕ್ರಮಾದಿತ್ಯನ ಆಸ್ಥಾನದಾವ, ಅದ ರಾಜನ ದಂಡನಾಯಕ ಮಹಾದೇವ 1112ರಾಗ ಕಟ್ಟಿಸಿದ್ದು ನಮ್ಮ ಇಟಗಿ ಗುಡಿ, ಶಾಸನದಾಗ 'ದೇವಾಲಯ ಚಕ್ರವರ್ತಿ' ಅಂತ ಕರದಿದ್ದು. ನನ್ನ ಕಕ್ಷಿದಾರ್ರು ಬರೋ ಸೀಮಿಯೊಳಗಿನ ಗುಡಿ ಅದು! ಅಲ್ಲಿಂದ ಶಾಸನ ಓದೋದು ಶುರು ಆತು. ದಾನ ಶಾಸನ ತಗೊಂಡು ಕುಂತ್ರ ದಸ್ತಾವೇಜು ಓದಿದಂಗ ಆಗತೈತಿ, ಕೊಟ್ಟಾವ ಯಾರು, ತಗೊಂಡಾವ ಯಾರು, ಎಷ್ಟು ಮತ್ತರು (ಆಗಿನ ಹೊಲದ ಅಳತಿ), ಮೂಡಕ್ಕ ಪಡುವಕ್ಕ ಏನೈತಿ, ಕೆಡಿಸಿದಾವಗ ಏನ್ ಪಾಪ ಬರತೈತಿ. ಇವತ್ತು ನಾವು ಚೆಕ್ಕುಬಂದಿ ಅಂತ ಬರಿಯೋದನ್ನ ಅವರು ಕಲ್ಲಿನ್ಯಾಗ ಬರದಾರ.

ಇದರಿಂದ ಕೇಸಿಗೆ ಏನ್ ಉಪಯೋಗ ಅಂತೀರಿ? ಅಕ್ಕತಂಗ್ಯಾರಿಗೆ ಪಾಲು ಕೊಡಾಕ ಒಲ್ಲೆ ಅನ್ನೋ ಅಣ್ಣತಮ್ಮರು "ನಮ್ಮ ಧರ್ಮಶಾಸ್ತ್ರದಾಗ ಇಲ್ರಿ" ಅಂತಾರ. 1994ರ ಕರ್ನಾಟಕ ತಿದ್ದುಪಡಿ, 2005ರ ಕೇಂದ್ರದ ತಿದ್ದುಪಡಿ, ಅಪ್ಪ 2005ಕ್ಕಿಂತ ಮೊದಲ ತೀರಿಕೊಂಡಿದ್ರೂ ಮಗಳಿಗೆ ಹುಟ್ಟಿನಿಂದ ಹಕ್ಕೈತಿ ಅಂದ 2020ರ ಸುಪ್ರೀಂ ಕೋರ್ಟ್ ತೀರ್ಪು, ಇವನ್ನ ಹೇಳಿದ್ರ ಸರ್ಕಾರದ ಕಾಯ್ದೆ ಅಂತ ಮುಖ ತಿರುವ್ತಾರ. ಅವಾಗ ಮಿತಾಕ್ಷರ ತಗದು ಓದ್ತೀನಿ, ಮದುವಿ ಆಗದ ತಂಗಿಗೆ ಕಾಲು ಭಾಗ ಕೊಡಬೇಕು, ಅದು ಬರೇ ಮದುವಿ ಖರ್ಚಲ್ಲ, ಪಾಲು ಅಂತ ವಿಜ್ಞಾನೇಶ್ವರ ಒಂಬೈನೂರು ವರ್ಷದ ಹಿಂದ ವಾದ ಮಾಡ್ಯಾನ. ಎಲ್ಲಾರೂ ಒಪ್ಪಂಗಿಲ್ಲ. ಆದ್ರ ಕೆಲವು ಮನ್ಯಾಗ ಆ ಮಾತು ಕೇಳಿದ ಮ್ಯಾಲೆ ರಾಜಿಗೆ ಕುಂತಾರ, ನನಗ ಡಿಕ್ರಿಗಿಂತ ಅದ ದೊಡ್ಡದು.

ನಾಟಕದ ವಿಷಯಕ್ಕ ನಾನು ಬಳ್ಳಾರಿ ಕಡೆ ಕೈ ತೋರಸ್ತೀನಿ. ಧರ್ಮವರಂ ರಾಮಕೃಷ್ಣಾಚಾರ್ಯರು ಬಳ್ಳಾರಿಯಾಗ ವಕೀಲರು, ತೆಲುಗು ನಾಟಕಕ್ಕ ಪಿತಾಮಹ ಅಂತಾರ ಅವರನ್ನ. ಕೋಲಾಚಲಂ ಶ್ರೀನಿವಾಸರಾಯರೂ ಅದ ಊರಿನ ವಕೀಲರು, ಐತಿಹಾಸಿಕ ನಾಟಕ ಬರದವರು. ಧರ್ಮವರಂ ಅವರ ಸೋದರಳಿಯ ಬಳ್ಳಾರಿ ರಾಘವ (1880–1946) ಪಬ್ಲಿಕ್ ಪ್ರಾಸಿಕ್ಯೂಟರ್ ಆಗಿದ್ದೋರು, ಕನ್ನಡ ತೆಲುಗು ಹಿಂದಿ ಇಂಗ್ಲಿಷ್ ನಾಕೂ ಭಾಷೆದಾಗ ಪಾತ್ರ ಮಾಡಿದೋರು, ಹೆಣ್ಮಕ್ಕಳ ಪಾತ್ರ ಹೆಣ್ಮಕ್ಕಳ ಮಾಡಬೇಕು ಅಂತ ಹಟ ಹಿಡಿದೋರು. ಒಂದ ಊರಿನ ಬಾರಿನ್ಯಾಗ ಇಂಥಾ ಮೂರು ಮಂದಿ ಇದ್ರು. ಅವರನ್ನ ಯಾರೂ ಅರ್ಧ ವಕೀಲರು ಅನ್ನಲಿಲ್ಲ. ನಾನು ಬಣ್ಣ ಹಚ್ಚಂಗಿಲ್ಲ, ಜಾತ್ರಿ ನಾಟಕಕ್ಕ ಸೈಡ್‌ನ್ಯಾಗ ಕುಂತು ಪ್ರಾಂಪ್ಟ್ ಮಾಡ್ತೀನಿ. ಯಾರು ಯಾವ ಮಾತಿನ್ಯಾಗ ತಡವರಿಸ್ತಾರ, ಬಾಯಿಪಾಠ ಮಾಡಿದ್ದು ಹೆಂಗ ಕೇಳಸತೈತಿ, ಮನಸಿನಿಂದ ಬಂದಿದ್ದು ಹೆಂಗ, ಅನ್ನೋದು ಅಲ್ಲಿ ಕುಂತಾಗ ಕಿವಿಗೆ ರೂಢಿ ಆಗತೈತಿ, ಸಾಕ್ಷಿ ಕಟಕಟಿ ಮುಂದ ನಿಂತಾಗ ಅದ ಕಿವಿ ಬೇಕು.

ಇನ್ನ ದುಡ್ಡು. ಕಮ್ಮಿ ಆಗತೈತೇನ್ರಿ ಅಂತ ಜೂನಿಯರ್‌ಗಳು ಮೆಲ್ಲಕ ಕೇಳ್ತಾರ. ಹೌದು, ಆಗತೈತಿ. ರಜಾ ದಿನ ಕಕ್ಷಿದಾರ್ರನ್ನ ಕೂಡಿಸಿಕೊಂಡ್ರ ಬರೋ ಫೀಸು ಮಸ್ಕಿ ಗುಡ್ಡಕ್ಕ ಹೋದ್ರ ಬರಂಗಿಲ್ಲ. ಅಲ್ಲಿ 1915ರಾಗ ಅಶೋಕನ ಹೆಸರಿರೋ ಶಾಸನ ಕಂಡು ಹಿಡಿದಾವ ಬೀಡನ್ ಅನ್ನೋ ಚಿನ್ನದ ಗಣಿ ಇಂಜಿನಿಯರ್, ಹುಡುಕಾಕ ಹೋಗಿದ್ದು ಚಿನ್ನ, ಆದ್ರ ಕಲ್ಲಿನ ಮ್ಯಾಲಿನ ಅಕ್ಷರ ನೋಡಿ ಅವ ಹಂಗ ಮುಂದ ಹೋಗಲಿಲ್ಲ. ಬ್ಯಾರೆ ಶಾಸನದಾಗ ರಾಜನ ಬಿರುದು ಅಂತ ಬರೋ ದೇವಾನಾಂಪ್ರಿಯ ಅಂದ್ರ ಅಶೋಕನ ಅಂತ ಗಟ್ಟಿ ಆಗಿದ್ದು ಆ ಕಲ್ಲಿನಿಂದ. ನಮ್ಮ ಗವಿಮಠದ ಗುಡ್ಡದಾಗೂ ಅಶೋಕನ ಶಾಸನ ಐತಿ, ಜಾತ್ರಿಗೆ ಬರೋ ಲಕ್ಷಗಟ್ಟಲೆ ಮಂದಿಯಾಗ ಅದನ್ನ ಏರಿ ನೋಡೋರು ಭಾಳ ಕಮ್ಮಿ, ನೋಡ್ರಿ ಒಂದ ಸಲ.

ಜೂನಿಯರ್‌ಗಳಿಗೆ ಒಂದು ಮಾತು: ಮೊದಲ ಐದಾರು ವರ್ಷ ಮಾತ್ರ ಸೀನಿಯರ್ ಆಫೀಸು ಬಿಟ್ಟು ಅಲ್ಲಾಡಬ್ಯಾಡ್ರಿ, ಪ್ಲೀಡಿಂಗ್ ನೆಟ್ಟಗ ಬರಿಯಾಕ ಬರಲಿ. ಅದರ ಜೊತಿಗೆ ನಿಮ್ಮ ಕೈಗೆ ಬಂದ ಯಾವದರ ಒಂದು ಕೇಸು ಏನ್ ಕೇಳತೈತೋ ಅದನ್ನ ಪೂರ್ತಿ ಕಲೀರಿ, ಭಾವಿ ತಕರಾರು ಇದ್ರ ನೀರಿನ ಲೆಕ್ಕ, ಬದುವಿನ ತಕರಾರು ಇದ್ರ ಸರ್ವೆ ಚೈನು. ಫಸಲಿ ತಿಂಗಳಿಗೆ ಇಂಗ್ಲಿಷ್ ತಿಂಗಳು ಹೊಂದಿಸಿದ ಪಟ್ಟಿ ಒಂದು ಮಾಡಿ ಇಟ್ಟೀನಿ, ಬೇಕಾದೋರು ಸಂಜಿ ಆರರ ಮ್ಯಾಲೆ ಆಫೀಸಿಗೆ ಬರ್ರಿ, ಝೆರಾಕ್ಸ್ ಮಾಡಿ ಕೊಡ್ತೀನಿ.